ಮಾವನ ಮಗಳು ಗುರುಪಾದ

ನಮ್ಮ ಸೋದರಮಾವನಿಗೆ ನಾಲ್ಕು ಮಕ್ಕಳು. ಮೂರು ಗಂಡು, ಒಂದು ಹೆಣ್ಣು. ಆ ಹೆಣ್ಣುಮಗಳು ದಿನಾ ಬೆಳಿಗ್ಗೆ ಎದ್ದು ಬಾವಿಕಟ್ಟೆಯ ಮೇಲೆ ಕೂತು ಗಡ್ಡ ಬೋಳಿಸಿಕೊಳ್ಳುತ್ತಿದ್ದಳು!

ನಗಬೇಡಿ. ನಗಲೇಬೇಕೆಂದರೆ ಸ್ವಲ್ಪ ತಡೆದು ನಗಿ. ಈ ಮಗಳನ್ನು ಮಾವ ಪಡೆದದ್ದು ಸೊಲ್ಲಾಪುರದ ನಾಟಕಗೃಹದಲ್ಲಿ, ತುಂಬಿದ ಸಭೆಯ ಎದುರಿಗೆ, ಎರಡನೆಯ ಅಂಕದ ನಟ್ಟನಡುವೆ. ಮಗಳು ಮಾವನಿಗೆ ದಕ್ಕಿದಳು, ಹೆರಿಗೆಬೇನೆ ಮಾತ್ರ ನಾನು ತಿಂದೆ.

ಮಾವ ವಳಸಂಗದ ಒಕ್ಕಲಿಗ. ಕಪ್ಪು ಎರಿ ಮಣ್ಣಿನ ಹೊಲ, ನಾಲ್ಕು ಎತ್ತು, ತಲೆಯ ಮೇಲೆ ಗೋಪುರದಂಥ ರುಮಾಲು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ, ಮೋಡ ನೋಡಿ ಬಿತ್ತನೆಯ ದಿನ ಹೇಳುವುದರಲ್ಲಿ ಅವನಷ್ಟು ಶಾಣ್ಯಾ ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಆದರೆ ಆ ಶಾಣ್ಯಾತನವನ್ನೆಲ್ಲ ಅವನು ನಾಟಕಗೃಹದ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬರುತ್ತಿದ್ದ. ಒಮ್ಮೆ ರಂಗದ ಮೇಲೆ ಖಳನಾಯಕ ಕತ್ತಿ ಹಿರಿದು, "ಎಲ್ಲಿ ಅಡಗಿದ್ದಾನೆ ಆ ರಾಜಕುಮಾರ?" ಎಂದು ಗರ್ಜಿಸಿದ. ರಾಜಕುಮಾರ ಮರದ ಹಿಂದೆಯೇ ನಿಂತಿದ್ದ, ಸಭೆಗೆಲ್ಲ ಕಾಣುತ್ತಿದ್ದ. ಮಾವ ಎದ್ದು ನಿಂತು ಕೂಗಿದ: "ಇಲ್ಲಿಲ್ಲೋ! ಹೊಟಗಿ ಕಡೆ ಹೋದ! ಓಡು, ಸಿಗತಾನ!" ಆ ಖಳನಾಯಕ ಬಡಪಾಯಿ ಮುಂದಿನ ಮಾತು ಮರೆತು ನಿಜವಾಗಿಯೂ ಪರದೆಯ ಹಿಂದೆ ಓಡಿಹೋದ!

ನಾನು ಆಗ ಸೊಲ್ಲಾಪುರದ ಒಂದು ಮಿಲ್ಲಿನಲ್ಲಿ ಕಾರಕೂನ. ನಾಟಕಗೃಹದ ಹಿಂದಿನ ಓಣಿಯಲ್ಲೇ ನನ್ನ ಕೋಣೆ. ಆ ವರ್ಷ ಮಳೆಗಾಲ ಪೂರ್ತಿ ಒಂದು ಕಂಪನಿ ಅಲ್ಲಿ ಮೊಕ್ಕಾಂ ಹೂಡಿತ್ತು. ಒಂದು ಐತವಾರ ಪುರಾಣ, ಮುಂದಿನ ಐತವಾರ ಕತ್ತಿ ಗುರಾಣಿಯ ಇತಿಹಾಸ, ಅದರ ಮುಂದೆ ವರದಕ್ಷಿಣೆಯ ಕಥೆ, ಆಮೇಲೆ ಹೊಟ್ಟೆ ಹುಣ್ಣಾಗುವ ಪ್ರಹಸನ. ಇಂದು ಕನ್ನಡದಲ್ಲಿ ಅತ್ತವರು ನಾಳೆ ಮರಾಠಿಯಲ್ಲಿ ಅಳುತ್ತಿದ್ದರು. ನಮ್ಮ ಸೊಲ್ಲಾಪುರದ ಮಂದಿಗೆ ಎರಡೂ ಭಾಷೆಯಲ್ಲಿ ಕಣ್ಣೀರು ಒಂದೇ ವೇಗದಲ್ಲಿ ಬರುತ್ತದೆ.

ಶನಿವಾರ ಸಂಜೆ ಮಾವ ಗಾಡಿ ಹೂಡಿಕೊಂಡು ಬಂದು ನನ್ನ ಕೋಣೆಯಲ್ಲಿ ಇಳಿಯುವುದು, ಐತವಾರ ಮಧ್ಯಾಹ್ನ ಮೂರರ ಆಟ ನೋಡುವುದು ಎಂದು ನಿಗದಿಯಾಗಿತ್ತು. ಹಗಲಾಟವೇ ಏಕೆ? ರಾತ್ರಿಯ ಆಟ ನೋಡಿದರೆ ಮಾವ ನಿದ್ದೆಯಲ್ಲಿ ಯುದ್ಧ ಮಾಡುತ್ತಿದ್ದ. ಹೀಗಾಗಿ ಅತ್ತೆ ನಿಷೇಧ ಹೊರಡಿಸಿದ್ದಳು. ನನಗೂ ಒಂದು ಹುಕುಂ ಬಂದಿತ್ತು: "ಅವರ ಧೋತರದ ಚುಂಗ ಕೈಯಾಗ ಹಿಡಕೊಂಡ ಕುಂದ್ರು. ಏಳಾಕತ್ತರ ಜಗ್ಗು. ಮರ್ಯಾದಿ ನಿನ್ನ ಕೈಯಾಗ ಐತಿ ನೋಡು."

ಮನೆತನದ ಮರ್ಯಾದೆಯನ್ನು ಮುಷ್ಟಿಯಲ್ಲಿ ಹಿಡಿದು ಮೂರು ತಾಸು ಕೂಡುವುದೆಂದರೇನು, ನೀವೇ ಹೇಳಿ! ಉಳಿದವರು ನಾಟಕ ನೋಡುತ್ತಿದ್ದರು, ನಾನು ಮಾವನ ಮೊಣಕಾಲು ನೋಡುತ್ತಿದ್ದೆ. ಮೊಣಕಾಲು ಅಲುಗಿತೆಂದರೆ ನಾನು ಚುಂಗು ಬಿಗಿ ಹಿಡಿಯುತ್ತಿದ್ದೆ.

ಆ ಐತವಾರ ಆಡಿದ್ದು ರಾಣಿ ಚಂದ್ರಪ್ರಭೆಯ ಕಥೆ. ರಾಜ ಚಾಡಿಮಾತು ಕೇಳಿ ತುಂಬು ಬಸುರಿ ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ರಾಣಿಯ ಪಾತ್ರ ಗುರುಪಾದನದು. ಅಕ್ಕಲಕೋಟೆಯ ಹುಡುಗ, ವಯಸ್ಸು ಇಪ್ಪತ್ತೈದರ ಆಸುಪಾಸು. ಆಗ ಹೆಂಗಸರ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರಷ್ಟೆ. ಗುರುಪಾದ ಸೆರಗು ಸರಿಪಡಿಸಿಕೊಳ್ಳುವುದನ್ನು ನೋಡಿ ಊರಿನ ಹೆಂಗಸರು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರು! ಎರಡನೆಯ ಅಂಕದಲ್ಲಿ ರಾಣಿ ಬರಿಗೈಯಲ್ಲಿ ನಿಂತು, "ಹೋಗೆಂದರೆ ಎಲ್ಲಿಗೆ ಹೋಗಲಿ ಸ್ವಾಮಿ? ನನಗೆ ತವರೂ ಇಲ್ಲ" ಎಂದಳು. ಹಿಂಭಾಗದಲ್ಲಿ ಯಾರೋ ಬಿಕ್ಕಿದರು. ಮಾವನ ಮೊಣಕಾಲು ಅಲುಗಿತು.

ನಾನು ಜಗ್ಗಿದೆ. ಹಳೆಯ ಧೋತರ, ಚರ್ರೆಂದಿತು. ಚುಂಗು ನನ್ನ ಕೈಯಲ್ಲಿ ಉಳಿಯಿತು, ಮಾವ ರಂಗದ ಮೇಲಿದ್ದ.

ಕೈಯಲ್ಲಿ ಒಂದು ಚೀಲ ಬೇರೆ. ಅತ್ತೆಯ ತಂಗಿಯ ಮಗಳನ್ನು ಗಂಡನ ಮನೆಗೆ ಕಳಿಸುವುದಿತ್ತು. ಅದಕ್ಕಾಗಿ ಅತ್ತೆ ಪೇಟೆಯಿಂದ ಉಡಿ ತುಂಬುವ ಸಾಮಾನು ತರಿಸಿದ್ದಳು: ತೆಂಗಿನಕಾಯಿ, ಖಣ, ಅರಿಶಿನಕೊಂಬು, ಕುಂಕುಮ, ಎಲೆ ಅಡಿಕೆ, ಅಕ್ಕಿ. ಮಾವ ರಾಜನ ಕಡೆಗೆ ತಿರುಗಿ, "ಹಿಂದಕ ಸರಿ ನೀ! ಹೇಣತಿ ಮಾತ ಕೇಳದಾಂವ ಎಂಥಾ ರಾಜಾ?" ಎಂದ. ರಾಜ ಸರಿದ. ಆಮೇಲೆ ರಾಣಿಯ ಮುಂದೆ ನಿಂತು ಮೆತ್ತಗಿನ ದನಿಯಲ್ಲಿ, "ಅಳಬ್ಯಾಡವಾ. ಇವತ್ತಿನಿಂದ ನಾ ನಿಮ್ಮಪ್ಪ. ವಳಸಂಗದಾಗ ನಿನಗೊಂದ ತವರಮನಿ ಐತಿ" ಎಂದ. ನಂತರ ಸಭೆಯ ಕಡೆಗೆ ತಿರುಗಿ ಗುಡುಗಿದ: "ಯಾರಾರ ಮುತ್ತೈದಿ ಬರ್ರಿ! ನನ್ನ ಮಗಳ ಉಡಿ ತುಂಬೂದೈತಿ!"

ಪೇಟಿ ಬಾರಿಸುವವನ ಕೈ ನಿಂತಿತು. ರಂಗದ ಮಗ್ಗುಲಲ್ಲಿ ಮ್ಯಾನೇಜರ ಎರಡೂ ಕೈ ಮುಗಿದು, "ಅಹೋ ಕಾಕಾ, ಖಾಲಿ ಯಾ! ಕೆಳಗ ಇಳೀರಿ!" ಎಂದು ಪಿಸುಗುಟ್ಟುತ್ತಿದ್ದ. ಒಬ್ಬ ನಕ್ಕಿದ್ದರೆ ಸಾಕಿತ್ತು, ಆಟವೂ ಕೆಡುತ್ತಿತ್ತು, ಮಾವನ ಮಾನವೂ ಹೋಗುತ್ತಿತ್ತು. ಅಷ್ಟರಲ್ಲಿ ಹೆಂಗಸರ ಬಾಜುವಿನಿಂದ ಬೋರಾಮಣಿಯ ಒಬ್ಬ ಮುದುಕಿ ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದು ಗುರುಪಾದನ ಎದುರು ನಿಂತಳು. "ಹಿಡಿ ತಾಯಿ ಸೆರಗ" ಎಂದಳು.

ಗುರುಪಾದ ಮಾವನ ಮುಖವನ್ನೇ ನೋಡುತ್ತ ನಿಂತ. ಎಷ್ಟು ಹೊತ್ತು? ನನಗಂತೂ ಒಂದು ಸುಗ್ಗಿ ಕಳೆದಂತಾಯಿತು. ಆಮೇಲೆ ಸೆರಗು ಒಡ್ಡಿದ. ಮುದುಕಿ ಐದು ಬೊಗಸೆ ಅಕ್ಕಿ ಸುರಿದಳು, ಕಾಯಿ ಇಟ್ಟಳು, ಹಣೆಗೆ ಕುಂಕುಮ ಹಚ್ಚಿದಳು. ಸಭೆ ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಚಪ್ಪಾಳೆ ಹೊಡೆದವರಿಗೆ ಅದು ನಾಟಕ. ನನಗೆ ಮಾತ್ರ ಬೆವರು ಇಳಿಯಿತು. ಏಕೆಂದರೆ ನಮ್ಮ ಕಡೆ ಮಗಳೆಂದು ಕರೆದು, ಮುತ್ತೈದೆಯ ಕೈಯಿಂದ ಉಡಿ ತುಂಬಿಸಿದ ಮೇಲೆ ಆ ಮಾತನ್ನು ತಿರುಗಿಸಲು ಬರುವುದಿಲ್ಲ. ಅವಳಿಗೆ ತವರಿನ ಹಕ್ಕು ಬಂತು, ಹಬ್ಬಕ್ಕೆ ಕರೆಯಬೇಕು, ಕಷ್ಟಕ್ಕೆ ಹೋಗಬೇಕು. ಮಗಳಿಗೆ ಮೀಸೆ ಬರುತ್ತದೆ ಎಂಬ ಕಾರಣಕ್ಕೆ ಈ ಕಟ್ಟಳೆಯಲ್ಲಿ ಯಾವ ವಿನಾಯಿತಿಯೂ ಇಲ್ಲ!

ಮ್ಯಾನೇಜರ ಮರುದಿನ ನನ್ನ ಕೋಣೆಗೇ ಬಂದ. ಬೈಯುತ್ತಾನೆಂದು ನಾನು ಕೈಕಟ್ಟಿ ನಿಂತರೆ ಅವನು ಹಲ್ಲು ಕಿಸಿದು, "ಮುಂದಿನ ಐತವಾರನೂ ಕಾಕಾನ್ನ ಕರಕೊಂಡ ಬರ್ರಿ. ಫುಕಟ ಪಾಸ ಕೊಡತೀನಿ. ಹಂಗ ಎದ್ದ ಬಂದು ಉಡಿ ತುಂಬಲಿ. ಮಂದಿಗಿ ಭಾಳ ಆವಡ್ಯಾದ, ಮೆಚ್ಚಿ ಚಪ್ಪಾಳಿ ಹೊಡದಾರ!" ಎಂದ.

ಮಾವ ಒಳಗಿನಿಂದಲೇ ಉತ್ತರ ಕೊಟ್ಟ: "ಮಗಳ ಉಡಿ ವಾರಾವಾರ ತುಂಬತಾರೇನೋ? ಏನ ತಮಾಷಾ ಮಾಡೀರಿ?"

ಸುದ್ದಿ ಮಾವನಿಗಿಂತ ಮೊದಲು ವಳಸಂಗ ಮುಟ್ಟಿತ್ತು. ಎಲ್ಲಕ್ಕಿಂತ ಹೆಚ್ಚು ಪೇಚಿಗೆ ಸಿಕ್ಕವನು ನಾನು. ಸೋದರಮಾವನ ಮಗಳೆಂದರೆ ನಮ್ಮಲ್ಲಿ ಯಾರು? ಹಕ್ಕಿನ ಹೆಣ್ಣು! ಕಟ್ಟೆಯ ಮೇಲೆ ಕೂತವರು ನನ್ನನ್ನು ಕಂಡಕೂಡಲೇ, "ಏನಪಾ, ನಿಶ್ಚೇ ಯಾವಾಗ? ನಿನಗ ಹುಡುಗಿ ನೋಡೂದ ತಪ್ಪಿತು, ಆಕಿಗೆ ಕ್ಷೌರದಾಂವನ್ನ ಹುಡುಕೂದಷ್ಟ ಉಳೀತು" ಎನ್ನುತ್ತಿದ್ದರು. ಮುಂದಿನ ವರ್ಷ ನನ್ನ ನಿಜವಾದ ಮದುವೆಯ ದಿನ ಕೂಡ ಒಬ್ಬ ಎದ್ದು, ಮಾವನ ಮಗಳ ಒಪ್ಪಿಗೆ ಪಡೆದಿದ್ದೀರಾ ಎಂದು ಕೇಳಿದ.

ಅತ್ತೆ ಏನೂ ಅನ್ನಲಿಲ್ಲ. ಅದೇ ನಮಗೆ ಭಯ. ಬೈದರೆ ತಾಸಿನಲ್ಲಿ ಮುಗಿಯುವ ಹೆಂಗಸು ಅವಳು, ಸುಮ್ಮನಿದ್ದರೆ ವಾರ ಹಿಡಿಯುತ್ತಿತ್ತು. ಪಂಚಮಿ ಹಬ್ಬ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮಾವ ಎತ್ತಿನ ಕೊಂಬಿಗೆ ಗೊಂಡೆ ಕಟ್ಟಿ ಸೊಲ್ಲಾಪುರಕ್ಕೆ ಗಾಡಿ ಹೊಡೆದೇಬಿಟ್ಟ. ಗುರುಪಾದ ಮೊದಲು ಒಲ್ಲೆನೆಂದ, ಆಮೇಲೆ ಮುಖ ಮುಚ್ಚಿಕೊಂಡು ಗಾಡಿ ಹತ್ತಿದ. ಧೋತರ, ಕರಿ ಕೋಟು, ಪಾತ್ರಕ್ಕಾಗಿ ಬೆಳೆಸಿದ ಉದ್ದ ಕೂದಲನ್ನು ಟೋಪಿಯೊಳಗೆ ತುರುಕಿದ್ದ. ವಳಸಂಗದ ಅಗಸೆ ದಾಟುವಾಗ ಊರಿಗೆ ಊರೇ ಹಿಂದೆ ಬಂತು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಿಟ್ಟು, ಹಣೆಯಲ್ಲಿ ಗಂಟು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ರೊಟ್ಟಿ ಬಡಿಯಾಕ ಬರತೈತೇನ?" ಎಂದು ಕೇಳಿದಳು.

"ಬರತೈತ್ರಿ ಅವ್ವಾ" ಎಂದ ಗುರುಪಾದ. ಒಳಗೆ ಹೋಗಿ ಕೋಟು ಕಳೆದು ಒಲೆಯ ಮುಂದೆ ಕೂತ. ಜೋಳದ ರೊಟ್ಟಿ ಕಾಗದದಷ್ಟು ತೆಳ್ಳಗೆ, ಹುಣ್ಣಿಮೆಯಷ್ಟು ದುಂಡಗೆ! ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು, ತಿರುಗಿಸಿ ನೋಡಿದಳು. "ನಂದಕ್ಕಿಂತ ಛಲೋ ಆಗ್ಯಾವ. ಮೂರ ಮಂದಿ ಹಡದೆ, ಒಬ್ಬಾಂವ ಒಲಿ ಮುಂದ ಕುಂತಿಲ್ಲ" ಎಂದು ಮೂಗು ಒರೆಸಿಕೊಂಡಳು. ಆ ದಿನದಿಂದ ಅವಳ ಮಟ್ಟಿಗೆ ಆ ಮೊಕದ್ದಮೆ ಮುಗಿದಿತ್ತು.

ಆದರೆ ಮಗಳನ್ನು ಪಡೆದ ಮೇಲೆ ಮಾವನನ್ನು ನಾಟಕಕ್ಕೆ ಕರೆದೊಯ್ಯುವುದು ಇನ್ನೂ ಕಷ್ಟವಾಯಿತು. ಒಂದು ಐತಿಹಾಸಿಕ ನಾಟಕದ ಕೊನೆಗೆ ಗುರುಪಾದನ ಪಾತ್ರ ಬೆಂಕಿಗೆ ಹಾರುವುದಿತ್ತು. ಮಾವ ಆ ದಿನ ಎರಡು ಕೊಡದಷ್ಟು ನೀರು ಹಿಡಿಯುವ ತಾಮ್ರದ ಹಂಡೆ ಹೊತ್ತು ಬಂದ. "ಯಾಕ ಮಾವಾ?" ಎಂದರೆ "ಕುಡ್ಯಾಕ" ಎಂದ! ಕೊನೆಯ ದೃಶ್ಯ ಬಂತು. ಕೆಂಪು ಕಾಗದ, ಹಿಂದೆ ದೀಪ, ಬೀಸಣಿಗೆಯ ಗಾಳಿ. ಮಾವ ಹಂಡೆಯ ಎರಡೂ ಕಿವಿ ಹಿಡಿದು ಅರ್ಧ ಎದ್ದ. ಎರಚಿದರೆ ದೀಪ ಒಡೆಯುವುದು ಖಂಡಿತ, ಪರದೆಗೆ ಕಿಡಿ ತಗುಲಿದರೆ ನಿಜವಾದ ಬೆಂಕಿ! ನಾನು ಅವನ ತೋಳಿಗೆ ಜೋತುಬಿದ್ದೆ. ಗುರುಪಾದ ಚಿತೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದ. ಹಂಡೆ ಕಂಡಿತು. ಹಾಡುತ್ತಲೇ ಕಣ್ಣಲ್ಲಿ ಒಂದು ಸನ್ನೆ ಮಾಡಿದ, ಕೂಡ್ರಿ ಅಪ್ಪಾ ಎಂಬಂತೆ. ಮಾವ ಕೂತ. ಪರದೆ ಬಿದ್ದ ಮೇಲೆ ಆ ಹಂಡೆಯಿಂದ ಗಟಗಟನೆ ಕುಡಿದು, "ನಾ ಹೇಳಲಿಲ್ಲೇನ, ಕುಡ್ಯಾಕಂತ?" ಎಂದ.

ಮಳೆಗಾಲ ಮುಗಿದು ಕಂಪನಿ ನಾಲ್ಕು ದಿನದ ಆಟಕ್ಕೆ ಅಕ್ಕಲಕೋಟೆಗೆ ಹೊರಟಿತು. ಗುರುಪಾದನ ಮುಖ ಸಪ್ಪಗಾಯಿತು. ಅವನ ತಂದೆ ಅಲ್ಲಿ ನಾಲ್ಕು ಮಂದಿ ಮಾತು ಕೇಳುವ ಮನೆತನಸ್ಥ. ಸೀರೆ ಉಟ್ಟು ಕುಣಿದವನು ನನ್ನ ಹೊಸ್ತಿಲು ತುಳಿಯಕೂಡದು ಎಂದು ಆರು ವರ್ಷದ ಹಿಂದೆಯೇ ಹೊರಗೆ ಹಾಕಿದ್ದ. ಇದು ಕಿವಿಗೆ ಬಿದ್ದದ್ದೇ ತಡ, ಮಾವ ನನ್ನನ್ನೂ ಎಳೆದುಕೊಂಡು ಅಕ್ಕಲಕೋಟೆಗೆ ಹೋದ, ನೆಟ್ಟಗೆ ಆ ಮನೆಯ ಕಟ್ಟೆಗೇ. ಕಟ್ಟೆಯ ಮೇಲೆ ಎತ್ತರದ ಮುದುಕ, ಪಕ್ಕದಲ್ಲಿ ಬೆಳ್ಳಿಕಟ್ಟಿನ ಬಡಿಗೆ.

"ಯಾರ ನೀವು?" ಎಂದ ಮುದುಕ.

"ನಾನರಿ? ನಿಮ್ಮ ಮಗನ ಅಪ್ಪ" ಎಂದ ಮಾವ.

ಬಡಿಗೆ ಎದ್ದಿತು. ನಾನು ಮನಸ್ಸಿನಲ್ಲೇ ಕುಲದೇವರನ್ನು ನೆನೆದೆ. "ನನಗ ಅಂಥಾ ಮಗ ಇಲ್ಲ!" ಎಂದು ಮುದುಕ ಅಬ್ಬರಿಸಿದ.

ಮಾವ ಕೈಮುಗಿದು, "ಭಾಳ ಛಲೋ ಆತರಿ. ನಾಳೆ ಹಕ್ಕಿನ ತಂಟೆ ಬರಬಾರದಂತ ಕೇಳಾಕ ಬಂದಿದ್ದೆ" ಎಂದು ಹೇಳಿ ತಿರುಗಿ ನಡೆದ. ಬಾಗಿಲು ಧಡಾರನೆ ಮುಚ್ಚಿತು. ಓಣಿಯ ತಿರುವಿನಲ್ಲಿ ನಿಂತು ಅವನು ರುಮಾಲು ಬಿಚ್ಚಿ, ಸುತ್ತಿ, ಮತ್ತೆ ಬಿಚ್ಚಿದ. ಸಿಟ್ಟಿಗೋ ಭಯಕ್ಕೋ, ಆಗ ತಿಳಿಯಲಿಲ್ಲ.

ಹೀಗೆ ವರ್ಷಗಳು ಕಳೆದವು. ಪ್ರತಿ ಮಳೆಗಾಲಕ್ಕೆ ಕಂಪನಿ ಸೊಲ್ಲಾಪುರಕ್ಕೆ ಮರಳುತ್ತಿತ್ತು. ಪಂಚಮಿಗೆ ಗಾಡಿ ಹೋಗುವುದು ತಪ್ಪಲಿಲ್ಲ. ಅಷ್ಟರಲ್ಲಿ ಕಾಲ ಬದಲಾಯಿತು. ಅದೇ ನಾಟಕಗೃಹದಲ್ಲಿ ಬಿಳಿ ಪರದೆ ಕಟ್ಟಿ ಮಾತಾಡುವ ಸಿನಿಮಾ ತೋರಿಸತೊಡಗಿದರು. ನಾಟಕದಲ್ಲಿ ಹೆಂಗಸರ ಪಾತ್ರಕ್ಕೆ ಹೆಂಗಸರೇ ಬಂದರು. ಬರಬೇಕಾದದ್ದೇ, ನ್ಯಾಯವೇ. ಆದರೆ ಗುರುಪಾದ ಎಲ್ಲಿಗೆ ಹೋಗಬೇಕು? ದನಿ ದಪ್ಪವಾಗಿತ್ತು, ಗಲ್ಲ ಬಲಿತಿತ್ತು. ರಾಣಿಯಾಗಿದ್ದವನು ಅತ್ತೆಯಾದ, ಅತ್ತೆಯಿಂದ ಮುದುಕಿಯಾದ, ಕೊನೆಗೆ ಪರದೆಯ ಹಗ್ಗ ಎಳೆಯುವವನಾದ. ಆ ವರ್ಷ ಪಂಚಮಿಗೆ ಗಾಡಿ ಖಾಲಿ ಮರಳಿತು. ಅದರ ಮುಂದಿನ ವರ್ಷವೂ.

ನಾನು ಹೋಗಿ ಕೇಳಿದೆ. ಗುರುಪಾದ ಹಗ್ಗಕ್ಕೆ ಗಂಟು ಹಾಕುತ್ತ, ನನ್ನ ಕಡೆ ನೋಡದೆ, "ಆವಾಗ ನನ್ನ ಹಂತೇಲಿ ಒಂದು ಪಾರ್ಟ ಇತ್ತು. ನಿಮ್ಮ ಮಾವಾರು ಅದಕ್ಕ ಉಡಿ ತುಂಬಿದ್ರು. ಈಗ ಏನೈತಿ? ಆ ಆಟ ಮುಗೀತು. ಅವರ ಮನಿಗಿ ನಾ ಭಾರ ಆಗಾಂಗಿಲ್ಲ" ಎಂದ. ಮುಂದಿನ ತಿಂಗಳಿಂದ ಕಂಪನಿಗೂ ಅವನು ಬೇಡವಾಗಿದ್ದ. ಟ್ರಂಕು ಎತ್ತಿಕೊಂಡು ಯಾವ ಊರಿಗೆ ಹೋಗುವುದೆಂದು ಅವನಿಗೇ ಗೊತ್ತಿರಲಿಲ್ಲ. ನಾನು ಇದನ್ನು ಮಾವನಿಗೆ ಹೇಳಿಬಿಟ್ಟೆ.

ಎರಡು ದಿನ ಬಿಟ್ಟು ಮಟಮಟ ಮಧ್ಯಾಹ್ನ ಮಿಲ್ಲಿಗೆ ಆಳು ಓಡಿಬಂದ: "ನಿಮ್ಮ ಮಾವ ನಾಟಕಗೃಹದಾಗ ಕುಂತಾನ್ರಿ, ಪೋಲೀಸ್ರು ಬಂದಾರ!" ಓಡಿದೆ. ಹೊಸ ನಾಟಕದ ತಾಲೀಮು ನಡೆದಿತ್ತು. ಮಾವ ರಂಗದ ನಡುವೆ ಚಕ್ಕಳಮಕ್ಕಳ ಹಾಕಿ, ಬಡಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. "ನನ್ನ ಮಗಳಿಗೆ ಈ ಮನ್ಯಾಗ ತ್ರಾಸ ಕೊಟ್ಟೀರಿ. ರಾಣಿ ಇದ್ದಾಕಿ ಕೈಯಾಗ ಹಗ್ಗಾ ಕೊಟ್ಟೀರಿ. ತವರಿಗೆ ಕರಕೊಂಡ ಹೋಗತೀನಿ. ಕಳಸೂತನಕಾ ಏಳಾಂಗಿಲ್ಲ!" ನಟರು, ನಟಿಯರು, ಬೀದಿಯಿಂದ ಬಂದವರು ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು. ಕಂಪನಿಯ ಹೊಸ ಮಾಲಕರಿಗೆ ಈ ಸಂಬಂಧದ ಗಂಧವೇ ಇರಲಿಲ್ಲ. ಅವರು ಹುಚ್ಚನೊಬ್ಬ ನುಗ್ಗಿದ್ದಾನೆಂದು ಪೋಲೀಸರಿಗೆ ಹೇಳಿಕಳಿಸಿದ್ದರು.

ಗುರುಪಾದ ಹಗ್ಗ ಹಿಡಿದೇ ನಿಂತಿದ್ದ, ಮುಖ ಕೆಂಪಾಗಿತ್ತು. "ಅಪ್ಪಾ, ಏಳ್ರಿ. ಮಂದಿ ನಗಾಕತ್ತಾರ."

"ನಗಲಿ. ನಿನ್ನ ಟ್ರಂಕ ತಗೊಂಡ ಬಾ, ಏಳತೀನಿ."

"ನಾ ಬರೂದಿಲ್ರಿ."

"ಹಂಗಾರ ನಾನೂ ಇಲ್ಲೇ ಇರಾಂವ."

ಪೋಲೀಸ ಮಾವನ ರಟ್ಟೆಗೆ ಕೈ ಹಾಕಿದ. ಆ ವಯಸ್ಸಿನಲ್ಲಿ ಮಾವನನ್ನು ಬೀದಿಯಲ್ಲಿ ಎಳೆದೊಯ್ಯುತ್ತಾರಲ್ಲ ಎಂದು ನಾನು ರಂಗದ ಕಡೆ ಓಡಿದೆ. ಗುರುಪಾದನಿಗೂ ಹಾಗೇ ಅನ್ನಿಸಿರಬೇಕು. ಕೈಯಲ್ಲಿದ್ದ ಹಗ್ಗ ಬಿಟ್ಟುಬಿಟ್ಟ! ಪರದೆ ಧೊಪ್ಪೆಂದು ಇಳಿಯಿತು. ಪೋಲೀಸ ಬೆದರಿ ಹೊರಕ್ಕೆ ಜಿಗಿದ, ಮಾವ ಒಳಗೆ ಉಳಿದ. ಪರದೆಯ ಹಿಂದಿನಿಂದ ಗುರುಪಾದನ ದನಿ ಕೇಳಿತು: "ನಡೀರಿ ಅಪ್ಪಾ. ನಿಮ್ಮನ್ನ ಮನಿ ಮುಟ್ಟಿಸಿ ಬರತೀನಿ. ನಿಮ್ಮನ್ನ ಹಿಂಗ ಬಿಟ್ಟರ ನಡ್ಯಾಂಗಿಲ್ಲ."

ನಮ್ಮ ಗಾಡಿ ವಳಸಂಗದ ದಾರಿಯಲ್ಲಿ ಕುಂಭಾರಿ ದಾಟಿತು. ಗುರುಪಾದ ಹಿಂದೆ ಜೋಳದ ಕಣಿಕೆಯ ಮೇಲೆ ಟ್ರಂಕಿಗೆ ತಲೆ ಕೊಟ್ಟು ಮಲಗಿದ್ದ. ಎಷ್ಟು ದಿನದ ನಿದ್ದೆಯೋ, ಗಾಡಿ ಕುಲುಕಿದರೂ ಎಚ್ಚರವಿಲ್ಲ. ನಾನು ಮಾತ್ರ ಸಿಟ್ಟಿನಿಂದ ಮಾವನ ಕಡೆ ತಿರುಗಿದೆ. "ಮಾವಾ, ಕೂದಲ ಬೆಳ್ಳಗಾದ್ವು. ಇನ್ನೂ ಆಟ ಯಾವುದು, ಖರೇ ಯಾವುದು ಅಂತ ತಿಳೀವಲ್ದೇನ ನಿಮಗ? ಆವತ್ತೂ ಮಾನ ಕಳದ್ರಿ, ಇವತ್ತೂ ಕಳದ್ರಿ!"

ಮಾವ ಎತ್ತಿನ ಬೆನ್ನ ಮೇಲೆ ಕೈಯಾಡಿಸಿದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಆವತ್ತ ರಾಣಿ ಆಟದ ಬಿಡುವಿನಾಗ ನಾ ನೀರ ಕುಡಿಯಾಕ ಹಿತ್ತಲಕ ಹೋಗಿದ್ದೆ. ಇಂವ ಸೀರಿ ಉಟಗೊಂಡ ಗ್ವಾಡಿಗೆ ಮಾರಿ ಹಚ್ಚಿ ನಿಂತಿದ್ದ. ಅಕ್ಕಲಕೋಟಿಯಿಂದ ಒಬ್ಬ ಮನಿಷಾ ಬಂದಿದ್ದ. 'ನಿಮ್ಮವ್ವ ಹೋದಳು. ಮಣ್ಣ ಮುಗೀತು. ನೀ ಬರೂದು ಬ್ಯಾಡ ಅಂತ ನಿಮ್ಮಪ್ಪ ಹೇಳಿ ಕಳಸ್ಯಾನ' ಅಂದ. ಅಷ್ಟರಾಗ ಗಂಟಿ ಬಾರಸ್ತು. ಇಂವ ಕಣ್ಣ ಒರಸಕೊಂಡು, ಬಣ್ಣಾ ಹಚಗೊಂಡು ಹೋದ. ಹೋಗಿ ತವರಿಲ್ಲ ಅಂತ ಅಂದನಲ್ಲ, ಅದ ಆಟ ಇದ್ದಿಲ್ಲೋ ತಮ್ಮಾ. ಅಷ್ಟ ಮಂದ್ಯಾಗ ಅದು ನನಗೊಬ್ಬನಿಗೇ ಗೊತ್ತಿತ್ತು. ನಾ ಹ್ಯಾಂಗ ಕುಂದರ್ಲಿ?"

ನಾನು ಮಾವನ ಹತ್ತಿರ ಸರಿದು, "ಇಷ್ಟ ವರ್ಷ ಯಾಕ ಹೇಳಲಿಲ್ಲ? ಮಂದಿ ಎಲ್ಲಾ ಹುಚ್ಚ ಅಂದ್ರಲ್ಲ ನಿಮಗ" ಎಂದೆ.

"ಹೇಳಿದ್ರ ಕನಿಕರ ಆಗತಿತ್ತು. ಕನಿಕರದ ರೊಟ್ಟಿ ಇಂವ ತಿನ್ನಾಂವಲ್ಲ. ಹುಚ್ಚಪ್ಪನ್ನ ಸಂಭಾಳಸಬೇಕು ಅಂದ್ರ ಬರತಾನ, ಇರತಾನ. ಈಗ ನೀನೂ ಹಂಗ ಅನಕೋತ ಇರು" ಎಂದು ಮಾವ ಹಿಂದಕ್ಕೆ ತಿರುಗಿ ನೋಡಿದ. "ಮೆಲ್ಲಕ ಮಾತಾಡು. ಎದ್ದಾನು."

ಮನೆ ಮುಟ್ಟಿಸಿ ಹೋಗಲು ಬಂದವನು ಮರಳಿ ಹೋಗಲಿಲ್ಲ. ಅವರಿಬ್ಬರೂ ಇರುವವರೆಗೆ ನಾನೂ ಬಾಯಿ ಬಿಡಲಿಲ್ಲ. ಯಾರಾದರೂ, "ನಿಮ್ಮ ಮಾವನ ತಲಿ ಸರಿ ಇಲ್ಲಂತಲ್ಲ?" ಎಂದು ನಕ್ಕರೆ ನಾನೂ ನಕ್ಕು, "ಹೌದ್ರಿ, ಪೂರಾ ಕೆಟ್ಟೈತಿ" ಎನ್ನುತ್ತಿದ್ದೆ. ಹಾಗೆ ಅಂದಾಗಲೆಲ್ಲ ಎದ್ದು ಹೋಗಿ ಆ ಮುದುಕನ ಕಾಲಿಗೆ ಬೀಳಬೇಕು ಎನ್ನಿಸುತ್ತಿತ್ತು.